ತಲೆಗೆ ಪೆಟ್ಟಾದವರಿಗೆ ಪ್ರೊಜೆಸ್ಟರಾನ್: ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋತ ಮೇಲೆ ಸಿನಾಪ್ಸಿಸ್ ಹೇಗೆ ಬರೆಯುವುದು?

ದೇರಳಕಟ್ಟೆ_ಫಾರ್ಮ

ಎಲ್ಲರಿಗೂ ನಮಸ್ಕಾರ. ಎಂ.ಫಾರ್ಮ್ ಫಾರ್ಮಕಾಲಜಿ ಸಿನಾಪ್ಸಿಸ್, ಅಂದರೆ ಪ್ರಬಂಧದ ಪ್ರಸ್ತಾವನೆ, ಕೊಡ್ಲಿಕ್ಕೆ ಇನ್ನು ಮೂರು ವಾರ ಉಂಟು. ಅಂದುಕೊಂಡ ವಿಷಯ ಇಷ್ಟು: ತಲೆಗೆ ಪೆಟ್ಟಾದ ವಿಸ್ಟಾರ್ ತಳಿಯ ಲ್ಯಾಬ್ ಇಲಿಗಳಿಗೆ ಪ್ರೊಜೆಸ್ಟರಾನ್ ಎಂಬ ಗರ್ಭಧಾರಣೆಯ ಹಾರ್ಮೋನ್ ಕೊಟ್ಟು ಮೆದುಳಿನ ಊತ ಎಷ್ಟು ಇಳಿಯುತ್ತದೆ ಎಂದು ನೋಡುವುದು. ಸಮಯ ಸಿಕ್ಕಿದರೆ ಅದೇ ಡೋಸನ್ನು ಸ್ಟ್ರೋಕ್ ಮಾಡೆಲಿನಲ್ಲೂ ನೋಡುವುದು.

ಓದಿದಷ್ಟೂ ಗೊಂದಲ ಹೆಚ್ಚಾಗ್ತಾ ಉಂಟು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ಟೈನ್ ತಂಡದ ಇಲಿ ಪ್ರಯೋಗಗಳು ಒಂದಕ್ಕಿಂತ ಒಂದು ಚೆಂದ. ಮನುಷ್ಯರ ಎರಡು ದೊಡ್ಡ ಟ್ರಯಲ್‌ಗಳು ಮಾತ್ರ 2014ರಲ್ಲಿ ಒಟ್ಟಿಗೇ ಬಿದ್ದುಹೋದವು. ಹಾಗಿದ್ದ ಮೇಲೆ ಈಗ ಇದನ್ನು ಮಾಡುವುದರಲ್ಲಿ ಅರ್ಥ ಉಂಟಾ? ಪ್ರಾಣಿ ಎಥಿಕ್ಸ್ ಕಮಿಟಿಯವರು ‘ಇಷ್ಟು ಇಲಿ ಎಂತಕ್ಕೆ’ ಎಂದು ಫಾರ್ಮ್ ಬಿ (ಪ್ರಾಣಿ ಪ್ರಯೋಗದ ಅನುಮತಿ ಅರ್ಜಿ) ವಾಪಸ್ ಕಳಿಸಿದರೆ ಉತ್ತರ ಎಂತ ಕೊಡುವುದು?

ಸದ್ಯದ ಪ್ಲಾನ್: ಗಂಡು ಇಲಿ, ಗುಂಪಿಗೆ 6. ಡೋಸ್ 8 ಮತ್ತು 16 ಮಿ.ಗ್ರಾಂ/ಕೆ.ಜಿ., ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ಹೊಟ್ಟೆಯೊಳಗೆ ಇಂಜೆಕ್ಷನ್, ಪೆಟ್ಟಾದ 15 ನಿಮಿಷಕ್ಕೆ ಮೊದಲನೆಯದು, ಮತ್ತೆ ದಿನಕ್ಕೊಂದರಂತೆ 3 ದಿನ. ಅರಿವಳಿಕೆಗೆ ಕೆಟಮಿನ್ ಮತ್ತು ಸೈಲಜಿನ್. ಪೆಟ್ಟು ಕೊಡಲಿಕ್ಕೆ ತಲೆಯ ಮೇಲೆ ಎತ್ತರದಿಂದ ತೂಕ ಬೀಳಿಸುವ ಮಾರ್ಮರೂ ವಿಧಾನ. ಕೊನೆಗೆ ಮೆದುಳಿನ ಹಸಿ ತೂಕ, ಒಣ ತೂಕ. ತಪ್ಪಿದ್ದರೆ ಈಗಲೇ ಬೈದುಬಿಡಿ.

---

ತಕ್ಕಡಿ

ಬೈಯುವಷ್ಟು ಎಂತದೂ ಇಲ್ಲ. ಆದರೆ ನಿಮ್ಮ ಪ್ರಶ್ನೆ ಹಳೆಯದು. ‘ಪ್ರೊಜೆಸ್ಟರಾನ್ ಇಲಿಯ ಮೆದುಳಿನ ಊತ ಇಳಿಸುತ್ತದೆಯೇ’ ಎಂಬುದಕ್ಕೆ 1990ರ ದಶಕದಲ್ಲೇ ಉತ್ತರ ಸಿಕ್ಕಿ ಆಗಿದೆ. ಹೆಣ್ಣಿಲಿಗಳಿಗೆ ಊತ ಕಡಿಮೆ, ಸುಳ್ಳು ಗರ್ಭದ ಸ್ಥಿತಿಯಲ್ಲಿರುವ, ಅಂದರೆ ಪ್ರೊಜೆಸ್ಟರಾನ್ ಏರಿರುವ ಹೆಣ್ಣಿಲಿಗಳಿಗೆ ಇನ್ನೂ ಕಡಿಮೆ ಎಂಬಲ್ಲಿಂದಲೇ ಈ ಕೆಲಸ ಶುರುವಾದದ್ದು. ಗಂಡಿಲಿಗೆ ಹೊರಗಿಂದ ಕೊಟ್ಟರೂ ಅದೇ ಫಲ ಬಂತು. 24 ಗಂಟೆ ತಡವಾಗಿ ಶುರು ಮಾಡಿದರೂ ಊತ ಇಳಿಯುತ್ತದೆ ಎಂದು 1996ರಲ್ಲಿ ಪ್ರಕಟವಾಯಿತು. ಅದನ್ನೇ ಮತ್ತೊಮ್ಮೆ ಮಾಡುತ್ತೇನೆ ಎಂದರೆ ಕಮಿಟಿ ಕೇಳುವುದು ನ್ಯಾಯವೇ. ಯಾವ ಸ್ಥಿತಿಯಲ್ಲಿ ಈ ಫಲ ಮಾಯವಾಗುತ್ತದೆ ಎಂದು ಹುಡುಕುವುದಾದರೆ ಮಾತ್ರ ಇಲಿ ಕೇಳುವ ಹಕ್ಕು ನಿಮಗುಂಟು.

ಈಗ ನಿಮ್ಮ ಪ್ಲಾನಿಗೆ ಬರುವ.

ಮೊದಲು ಡಿಎಂಎಸ್‌ಒ ಬಿಡಿ. ಅದಕ್ಕೇ ಮೆದುಳು ಕಾಪಾಡುವ ಗುಣ ಉಂಟು ಎಂದು ವರದಿಗಳಿವೆ. ನಿಮ್ಮ ಕಂಟ್ರೋಲ್ ಗುಂಪಿಗೇ ಅರ್ಧ ಔಷಧ ಕೊಟ್ಟ ಹಾಗಾಗುತ್ತದೆ. ಪ್ರೊಜೆಸ್ಟರಾನ್ ನೀರಿನಲ್ಲಿ ಕರಗುವುದು ಮಿಲಿಗೆ 10 ಮೈಕ್ರೊಗ್ರಾಮಿಗಿಂತಲೂ ಕಡಿಮೆ. 300 ಗ್ರಾಂ ಇಲಿಗೆ 8 ಮಿ.ಗ್ರಾಂ/ಕೆ.ಜಿ. ಲೆಕ್ಕದಲ್ಲಿ ಬೇಕಾದದ್ದು 2.4 ಮಿ.ಗ್ರಾಂ. ಹಾಗಾಗಿ ಸ್ಟೈನ್ ತಂಡದವರು ಬಳಸಿದ್ದು 22.5% ಹೈಡ್ರಾಕ್ಸಿಪ್ರೊಪಿಲ್ ಬೀಟಾ ಸೈಕ್ಲೊಡೆಕ್ಸ್‌ಟ್ರಿನ್. ಅದೂ ಪೂರ್ತಿ ಸಾಧು ಅಲ್ಲ, ಜೀವಕೋಶದ ಪೊರೆಯಿಂದ ಕೊಲೆಸ್ಟರಾಲ್ ಎಳೆಯುತ್ತದೆ. ಆದ್ದರಿಂದ ಗುಂಪುಗಳು ನಾಲ್ಕು ಬೇಕು: ಶಾಮ್ (ಶಸ್ತ್ರಕ್ರಿಯೆ ಮಾತ್ರ, ಪೆಟ್ಟಿಲ್ಲ), ಪೆಟ್ಟು ಮಾತ್ರ, ಪೆಟ್ಟು ಮತ್ತು ಬರೀ ದ್ರಾವಕ, ಪೆಟ್ಟು ಮತ್ತು ಔಷಧ. ಎರಡನೆಯದನ್ನೂ ಮೂರನೆಯದನ್ನೂ ಒಂದೇ ಮಾಡಿ ಇಲಿ ಉಳಿಸಲಿಕ್ಕೆ ಹೋಗಬೇಡಿ. ದ್ರಾವಕ ಎಂತ ಮಾಡಿತು ಎಂಬುದೇ ಆಮೇಲೆ ಗೊತ್ತಾಗುವುದಿಲ್ಲ.

ಎಳ್ಳೆಣ್ಣೆಯಲ್ಲಿ ಕರಗಿಸಿ ಚರ್ಮದಡಿ ಕೊಡಬಹುದು. ಆಗ ಅದು ನಿಧಾನಕ್ಕೆ ರಕ್ತಕ್ಕೆ ಇಳಿಯುತ್ತದೆ. ಮೊದಲ ಡೋಸ್ ಸೈಕ್ಲೊಡೆಕ್ಸ್‌ಟ್ರಿನ್‌ನಲ್ಲಿ ಹೊಟ್ಟೆಯೊಳಗೆ, ನಂತರದವು ಚರ್ಮದಡಿ ಎಂಬುದು ರೂಢಿಯಲ್ಲಿರುವ ಕ್ರಮ.

ಡೋಸ್ ಬಗ್ಗೆ: 8, 16, 32 ಮೂರನ್ನೂ ಹೋಲಿಸಿದಾಗ 8 ಮತ್ತು 16ಕ್ಕೆ ಸಿಕ್ಕಿದ ಲಾಭ 32ಕ್ಕೆ ಸಿಗಲಿಲ್ಲ. ಹೆಚ್ಚು ಕೊಟ್ಟರೆ ಹೆಚ್ಚು ಗುಣ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಗುಡ್ಡದ ಹಾಗೆ ಏರಿ ಇಳಿಯುತ್ತದೆ. ಸಾಧ್ಯವಾದರೆ 4 ಸೇರಿಸಿ, 32 ಬಿಡಬೇಡಿ.

3 ದಿನ ಕೊಟ್ಟು ಥಟ್ಟನೆ ನಿಲ್ಲಿಸುವುದು ದೊಡ್ಡ ತಪ್ಪು. ಪ್ರೊಜೆಸ್ಟರಾನ್ ದೇಹದಲ್ಲಿ ಅಲೋಪ್ರೆಗ್ನನೊಲೋನ್ ಆಗಿ ಬದಲಾಗಿ ಮೆದುಳಿನ ಉದ್ರೇಕಕ್ಕೆ ಬ್ರೇಕ್ ಹಾಕುವ ಗಾಬಾ-ಎ ಗ್ರಾಹಕಗಳನ್ನು ಬಲಪಡಿಸುತ್ತದೆ. ಒಮ್ಮೆಗೇ ನಿಲ್ಲಿಸಿದರೆ ಆ ಬ್ರೇಕ್ ಕಳಚಿಹೋಗುತ್ತದೆ: ಇಲಿಗಳಲ್ಲಿ ಆತಂಕ, ಉರಿಯೂತದ ಗುರುತುಗಳು ಏರುತ್ತವೆ. ಕೊನೆಯ ಎರಡು ದಿನ ಅರ್ಧ, ಮತ್ತೆ ಕಾಲು ಎಂದು ಇಳಿಸಿ. ಊತ ಮಾತ್ರ ನೋಡುವುದಾದರೆ 24 ಅಥವಾ 48 ಗಂಟೆಗೆ ಇಲಿಯನ್ನು ಕೊಂದು ಮೆದುಳು ತೆಗೆಯುತ್ತೀರಿ, ಆಗ ಇಳಿಸುವ ಪ್ರಶ್ನೆಯೇ ಬಾರದು. ನಡವಳಿಕೆಯನ್ನೂ ನೋಡುವುದಾದರೆ ಕಡ್ಡಾಯ.

ಅರಿವಳಿಕೆ. ಕೆಟಮಿನ್ ನರಕೋಶವನ್ನು ಉದ್ರೇಕಿಸುವ ಎನ್‌ಎಂಡಿಎ ಗ್ರಾಹಕವನ್ನು ತಡೆಯುತ್ತದೆ, ಅಂದರೆ ಅದೂ ಒಂದು ಮೆದುಳು ರಕ್ಷಕ. ಸೈಲಜಿನ್ ಇಲಿಯ ರಕ್ತದ ಸಕ್ಕರೆ ಏರಿಸುತ್ತದೆ, ಸಕ್ಕರೆ ಏರಿದರೆ ಗಾಯ ದೊಡ್ಡದಾಗುತ್ತದೆ. ಉಸಿರಿನಲ್ಲಿ ಕೊಡುವ ಐಸೊಫ್ಲುರೇನ್ ಕೂಡ ಪೂರ್ತಿ ತಟಸ್ಥ ಅಲ್ಲ, ಆದರೆ ಎಲ್ಲಾ ಇಲಿಗಳಿಗೂ ಒಂದೇ ಶೇಕಡಾ, ಒಂದೇ ಅವಧಿ ಎಂದು ಹಿಡಿದಿಡಲಿಕ್ಕೆ ಸುಲಭ. ಅದನ್ನು ಕೊಡುವ ಯಂತ್ರ, ವೇಪರೈಸರ್, ಇಲ್ಲದಿದ್ದರೆ ಕೆಟಮಿನ್ನಲ್ಲೇ ಮಾಡಿ. ಆದರೆ ಬಾಲದ ತುದಿಯಿಂದ ಸಕ್ಕರೆ ನೋಡಿ ಬರೆದಿಡಿ, ಗುದದ ತಾಪಮಾನ 37 ಡಿಗ್ರಿಯ ಅರ್ಧ ಡಿಗ್ರಿ ಆಚೀಚೆ ನಿಲ್ಲಿಸಿ. ಎ.ಸಿ. ರೂಮಿನಲ್ಲಿ ಅರಿವಳಿಕೆಯಲ್ಲಿ ಮಲಗಿದ ಇಲಿ ಬೇಗ ತಣ್ಣಗಾಗುತ್ತದೆ. ತಣ್ಣಗಾದ ಮೆದುಳು ತಾನೇ ಬಚಾವಾಗುತ್ತದೆ, ಹೆಸರು ಮಾತ್ರ ನಿಮ್ಮ ಔಷಧಕ್ಕೆ ಬರುತ್ತದೆ.

ಮಾರ್ಮರೂ ವಿಧಾನದಲ್ಲಿ 450 ಗ್ರಾಂ ಹಿತ್ತಾಳೆ ತೂಕ 2 ಮೀಟರ್ ಎತ್ತರದಿಂದ. ತಲೆಬುರುಡೆಗೆ 10 ಮಿ.ಮೀ. ವ್ಯಾಸ, 3 ಮಿ.ಮೀ. ದಪ್ಪದ ಸ್ಟೀಲ್ ಬಿಲ್ಲೆಯನ್ನು ಡೆಂಟಲ್ ಅಕ್ರಿಲಿಕ್‌ನಲ್ಲಿ ಅಂಟಿಸಬೇಕು. ಬಿಲ್ಲೆ ಸರಿಯಾಗಿ ಕೂರದಿದ್ದರೆ ಬುರುಡೆ ಒಡೆಯುತ್ತದೆ, ಆ ಇಲಿ ಲೆಕ್ಕಕ್ಕಿಲ್ಲ. ಪೆಟ್ಟು ಬಿದ್ದ ಕ್ಷಣವೇ ಇಲಿಯನ್ನು ಫೋಮ್ ಸಮೇತ ಪಕ್ಕಕ್ಕೆ ಎಳೆಯಬೇಕು, ಇಲ್ಲವಾದರೆ ತೂಕ ಪುಟಿದು ಎರಡನೇ ಪೆಟ್ಟು ಬೀಳುತ್ತದೆ. ಈ ಎತ್ತರದಲ್ಲಿ ಇಲಿ ಸಾಯುವುದು ಹೆಚ್ಚಾಗಿ ಉಸಿರು ನಿಂತು, ವೆಂಟಿಲೇಟರ್ ತಯಾರಿರಲಿ. ಫೋಮ್ ಹಾಸಿಗೆ ಹಳತಾದ ಹಾಗೆ ಚಪ್ಪಟೆಯಾಗಿ ಪೆಟ್ಟಿನ ಬಲ ಬದಲಾಗುತ್ತದೆ. ಎಷ್ಟು ಇಲಿಗೊಮ್ಮೆ ಫೋಮ್ ಬದಲಾಯಿಸುತ್ತೀರಿ ಎಂದು ಪ್ರೋಟೊಕಾಲಿನಲ್ಲೇ ಬರೆಯಿರಿ, ಮತ್ತು ಎಲ್ಲಾ ಗುಂಪಿನ ಇಲಿಗಳನ್ನೂ ಪ್ರತಿದಿನ ಬೆರೆಸಿ ಮಾಡಿ. ಸೋಮವಾರ ಕಂಟ್ರೋಲ್, ಮಂಗಳವಾರ ಔಷಧ ಎಂದು ಮಾಡಿದರೆ ನೀವು ಅಳೆದದ್ದು ಫೋಮನ್ನು.

---

ಐಸಿಯು_ರಾತ್ರಿಪಾಳಿ

ಇಲಿಯ ಭಾಗ ತಕ್ಕಡಿಯವರು ಹೇಳಿದ್ದಾರೆ. ಮನುಷ್ಯರ ಭಾಗದ ಅಂಕಿಗಳು ಸಿನಾಪ್ಸಿಸ್‌ನ ಹಿನ್ನೆಲೆಗೆ ಬೇಕಾಗುತ್ತವೆ, ತೆಗೆದುಕೊಳ್ಳಿ.

ಆಸೆ ಹುಟ್ಟಿಸಿದ್ದು ಎರಡು ಸಣ್ಣ ಟ್ರಯಲ್. ಅಟ್ಲಾಂಟಾದ ಪ್ರೊಟೆಕ್ಟ್-2, 2007ರಲ್ಲಿ ಪ್ರಕಟ, 100 ಮಂದಿ. ಅದರಲ್ಲಿ 77 ಮಂದಿಗೆ ಔಷಧ, 23 ಮಂದಿಗೆ ಪ್ಲಸೀಬೊ, ಅಂದರೆ ಔಷಧ ಇಲ್ಲದ ಹುಸಿ ಮದ್ದು. 30 ದಿನದೊಳಗಿನ ಸಾವು 13% ಮತ್ತು 30.4%. ನೋಡಲಿಕ್ಕೆ ಭಾರೀ ವ್ಯತ್ಯಾಸ. 23 ಜನರ 30.4% ಅಂದರೆ 7 ಸಾವು. ಅದರಲ್ಲಿ ಮೂರು ಆಚೀಚೆ ಆಗಿದ್ದರೆ ಕಥೆಯೇ ಇಲ್ಲ. ಮತ್ತೊಂದು ಚೀನಾದ ಹಾಂಗ್‌ಜೌನಲ್ಲಿ 159 ಮಂದಿಯದ್ದು, 2008. ಅಲ್ಲಿ ಕೊಟ್ಟದ್ದು 1 ಮಿ.ಗ್ರಾಂ/ಕೆ.ಜಿ. ಸ್ನಾಯುವಿಗೆ, 12 ಗಂಟೆಗೊಮ್ಮೆ, 5 ದಿನ.

ಆಮೇಲೆ ಬಂದದ್ದು ದೊಡ್ಡವು. ಪ್ರೊಟೆಕ್ಟ್-3: ಜಿಸಿಎಸ್ (ಎಚ್ಚರದ ಮಟ್ಟದ ಅಂಕ, ಕಡಿಮೆಯಾದಷ್ಟೂ ಗಂಭೀರ) 4ರಿಂದ 12, ಪೆಟ್ಟಾದ 4 ಗಂಟೆಯೊಳಗೆ ಶುರು. 1,140 ಮಂದಿಯ ಗುರಿ ಇತ್ತು, ಫಲ ಕಾಣುವ ಸಾಧ್ಯತೆ ಇಲ್ಲ ಎಂದು 882ಕ್ಕೆ ನಿಲ್ಲಿಸಿದರು. ಆರು ತಿಂಗಳಿಗೆ ಚೇತರಿಕೆ ಔಷಧದವರಲ್ಲಿ 51.0%, ಪ್ಲಸೀಬೊದಲ್ಲಿ 55.5%. ಸಿನಾಪ್ಸ್ ಟ್ರಯಲ್: ಜಿಸಿಎಸ್ 8 ಅಥವಾ ಕೆಳಗೆ, 8 ಗಂಟೆಯೊಳಗೆ, 1,195 ಮಂದಿ, 21 ದೇಶ. ಫಲಿತಾಂಶ 50.4% ಮತ್ತು 50.5%. ಇದಕ್ಕಿಂತ ಚಪ್ಪಟೆಯಾದ ಉತ್ತರ ಸಿಗುವುದು ಕಷ್ಟ.

ಎರಡರಲ್ಲೂ ಡೋಸ್ ಹೆಚ್ಚುಕಡಿಮೆ ಒಂದೇ: ಮೊದಲ ಗಂಟೆ 0.71 ಮಿ.ಗ್ರಾಂ/ಕೆ.ಜಿ., ಆಮೇಲೆ ಗಂಟೆಗೆ 0.5. ಪ್ರೊಟೆಕ್ಟ್-3ರಲ್ಲಿ 72 ಗಂಟೆ ಆದ ಮೇಲೆ 8 ಗಂಟೆಗೊಮ್ಮೆ ಕಾಲು ಭಾಗ ಇಳಿಸುತ್ತಾ 96ಕ್ಕೆ ಮುಗಿಸಿದರು. 60 ಕೆ.ಜಿ. ಮನುಷ್ಯನಿಗೆ ಒಟ್ಟು ಸುಮಾರು 2.5 ಗ್ರಾಂ. ಸಿನಾಪ್ಸ್‌ನಲ್ಲಿ 120 ಗಂಟೆ, ಸುಮಾರು 3.6 ಗ್ರಾಂ. ಗರ್ಭಿಣಿಯ ಕೊನೆಯ ತಿಂಗಳುಗಳ ಮಟ್ಟಕ್ಕಿಂತ ಮೇಲೆ ಹೋಗುವ ಪ್ರಮಾಣ ಇದು. ತಕ್ಕಡಿಯವರು ಹೇಳಿದ ಗುಡ್ಡದ ತುದಿ ದಾಟಿ ಆಚೆ ಇಳಿದದ್ದೇ ಸೋಲಿಗೆ ಕಾರಣ ಎನ್ನುವವರಿದ್ದಾರೆ. ಆದರೆ ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಗಾಯದ ವೈವಿಧ್ಯ. ನಿಮ್ಮ 24 ಇಲಿಗೂ ಒಂದೇ ಜಾಗಕ್ಕೆ ಒಂದೇ ಪೆಟ್ಟು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಕಿನಿಂದ ಬಿದ್ದು ಬರುವವರಲ್ಲಿ ಒಬ್ಬನಿಗೆ ಎಪಿಡ್ಯೂರಲ್, ಅಂದರೆ ಬುರುಡೆಯ ಒಳಗೆ ಮೆದುಳಿನ ಪೊರೆಯ ಹೊರಗೆ ರಕ್ತ ಕಟ್ಟಿದ್ದು, ಆಪರೇಷನ್ ಆದರೆ ಎದ್ದು ಕೂರುತ್ತಾನೆ. ಇನ್ನೊಬ್ಬನಿಗೆ ಸಿಟಿ ಸ್ಕ್ಯಾನಿನಲ್ಲಿ ಎಂತದೂ ಕಾಣುವುದಿಲ್ಲ, ಒಳಗೆ ನರತಂತುಗಳೆಲ್ಲ ಹರಿದಿರುತ್ತವೆ. ಮೂರನೆಯವನಿಗೆ ಪಕ್ಕೆಲುಬೂ ಮುರಿದು ಆಮ್ಲಜನಕವೇ ಇಲ್ಲ. ಮೂವರದೂ ಜಿಸಿಎಸ್ 7. ಇವರನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ, ಆರು ತಿಂಗಳ ನಂತರ ಚೇತರಿಕೆ ಅಳೆಯುವ ಎಂಟು ಮೆಟ್ಟಿಲಿನ ಜಿಒಎಸ್-ಇ ಎಂಬ ಒಂದೇ ಅಳತೆಗೋಲಿನಲ್ಲಿ ಅಳೆದರೆ ಸಣ್ಣ ಲಾಭ ಇದ್ದರೂ ಮುಳುಗಿಹೋಗುತ್ತದೆ.

ಅಡ್ಡ ಪರಿಣಾಮ: ಪ್ರೊಟೆಕ್ಟ್-3ರಲ್ಲಿ ರಕ್ತನಾಳದ ಉರಿ, ಅಂದರೆ ಫ್ಲೆಬೈಟಿಸ್, ಔಷಧದವರಲ್ಲಿ 17.2%, ಪ್ಲಸೀಬೊದಲ್ಲಿ 5.7%. ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ನೀವು ಬರೆಯಿರಿ.

ಪ್ರೊಜೆಸ್ಟರಾನ್ ಕೂಡ ಸ್ಟೆರಾಯ್ಡೇ ಆದ್ದರಿಂದ ಆ ಶಬ್ದದ ಬಗ್ಗೆಯೂ ಎರಡು ಮಾತು, ಮನೆಯವರು ಮಾತ್ರ ಅಲ್ಲ ಹೊಸ ಡಾಕ್ಟರುಗಳೂ ಇಲ್ಲಿ ಎಡವುತ್ತಾರೆ. ತಲೆಗೆ ಪೆಟ್ಟಾದವರಿಗೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಬೇರೆ ಬಗೆಯ ಸ್ಟೆರಾಯ್ಡ್ ಕೊಟ್ಟು ನೋಡಿದ ಕ್ರ್ಯಾಶ್ ಟ್ರಯಲ್ 2004ರಲ್ಲಿ 10,008 ಮಂದಿಗೆ ನಿಂತಿತು. ಎರಡು ವಾರದೊಳಗಿನ ಸಾವು ಔಷಧದವರಲ್ಲಿ 21.1%, ಪ್ಲಸೀಬೊದಲ್ಲಿ 17.9%. ಲಾಭ ಇಲ್ಲದ್ದು ಬೇರೆ, ಸಾವೇ ಹೆಚ್ಚಾದದ್ದು ಬೇರೆ. ಹಾಗಾಗಿ ಊತ ಇಳಿಸಲಿಕ್ಕೆ ಎಂದು ತಲೆಗೆ ಪೆಟ್ಟಾದವರಿಗೆ ಅದೇ ಬಗೆಯ ಡೆಕ್ಸಾ (ಡೆಕ್ಸಾಮೆಥಾಸೋನ್) ಬರೆಯುವ ಅಭ್ಯಾಸಕ್ಕೆ ಆಧಾರ ಇಲ್ಲ. ಮೆದುಳಿನ ಗಡ್ಡೆಯ ಸುತ್ತ ಬರುವ ಊತಕ್ಕೆ ಡೆಕ್ಸಾ ಕೆಲಸ ಮಾಡುತ್ತದೆ, ಅದು ಬೇರೆ ಜಾತಿಯ ಊತ.

ಇದನ್ನು ಓದುವ ರೋಗಿಗಳ ಮನೆಯವರು ಯಾರಾದರೂ ಇದ್ದರೆ: ಮೆಡಿಕಲ್ ಶಾಪಿನಲ್ಲಿ ಗರ್ಭಿಣಿಯರಿಗೆ ಸಿಗುವ ಎಣ್ಣೆ ರೂಪದ ಪ್ರೊಜೆಸ್ಟರಾನ್ ಇಂಜೆಕ್ಷನ್ ಸ್ನಾಯುವಿಗೆ ಮಾತ್ರ. ಅದು ರಕ್ತನಾಳಕ್ಕೆ ಹೋದರೆ ಎಣ್ಣೆಹನಿಗಳು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತವೆ. ಟ್ರಯಲ್‌ನಲ್ಲಿ ಕೊಟ್ಟದ್ದು ಕೊಬ್ಬಿನ ಎಮಲ್ಷನ್‌ನಲ್ಲಿ ಬೆರೆಸಿದ್ದು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಡಾಕ್ಟರ ಹತ್ತಿರ ‘ಇದೊಂದು ಕೊಟ್ಟು ನೋಡಿ’ ಎಂದು ಹಟ ಹಿಡಿಯಬೇಡಿ.

---

ದೇರಳಕಟ್ಟೆ_ಫಾರ್ಮ

ತುಂಬಾ ಉಪಕಾರ ಇಬ್ಬರಿಗೂ. ಹಾಗಾದರೆ ಪ್ರಶ್ನೆಯನ್ನು ಹೀಗೆ ತಿರುಗಿಸುತ್ತೇನೆ: ಮೊದಲ ಡೋಸ್ 15 ನಿಮಿಷಕ್ಕೆ ಕೊಟ್ಟರೆ ಒಂದು ಗುಂಪು, ಆಸ್ಪತ್ರೆಯ ವಾಸ್ತವಕ್ಕೆ ಹತ್ತಿರವಾಗಿ 4 ಗಂಟೆಗೆ ಕೊಟ್ಟರೆ ಇನ್ನೊಂದು. ಗಂಡಿನ ಜೊತೆ ಹೆಣ್ಣಿಲಿಯನ್ನೂ ಸೇರಿಸಬೇಕಾ? ಋತುಚಕ್ರ ನೋಡುವುದು ಭಾರೀ ರಗಳೆ ಎನ್ನುತ್ತಾರೆ. ಮತ್ತೆ ಸ್ಟ್ರೋಕ್ ಮಾಡೆಲ್ ಬೇಕಾ ಬೇಡವಾ?

---

ತಕ್ಕಡಿ

ಹೆಣ್ಣಿಲಿ ಬೇಕು. ಹೆಣ್ಣು ಗಂಡಿನ ವ್ಯತ್ಯಾಸದಿಂದಲೇ ಹುಟ್ಟಿದ ಔಷಧವನ್ನು ಬರೀ ಗಂಡಿನಲ್ಲಿ ನೋಡುವುದು ತಮಾಷೆಯೇ.

ರಗಳೆ ಅಷ್ಟೇನಿಲ್ಲ. ಡ್ರಾಪರಿನಲ್ಲಿ ಒಂದೆರಡು ಹನಿ ಸಲೈನ್ ತೆಗೆದುಕೊಂಡು ಯೋನಿಯ ಬಾಯಿಗೆ ಬಿಟ್ಟು ವಾಪಸ್ ಎಳೆದು ಸ್ಲೈಡಿಗೆ ಹಾಕಿ, 10 ಪಟ್ಟು ಲೆನ್ಸಿನಲ್ಲಿ ನೋಡಿ. ದುಂಡಗಿನ, ನ್ಯೂಕ್ಲಿಯಸ್ ಇರುವ ಕೋಶಗಳ ಗೊಂಚಲು ಪ್ರೊಈಸ್ಟ್ರಸ್. ನ್ಯೂಕ್ಲಿಯಸ್ ಇಲ್ಲದ, ಅಂಚು ಮಡಚಿದ, ಒಣಗಿದ ಎಲೆಯ ಹಾಗಿನ ಕೋಶಗಳು ಈಸ್ಟ್ರಸ್. ಪೂರ್ತಿ ಸಣ್ಣ ಸಣ್ಣ ಬಿಳಿರಕ್ತಕಣಗಳೇ ಇದ್ದರೆ ಡೈಈಸ್ಟ್ರಸ್. ಮೂರೂ ಬೆರೆತಿದ್ದರೆ ಮೆಟಈಸ್ಟ್ರಸ್. ಚಕ್ರ 4ರಿಂದ 5 ದಿನ, ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ, ಕನಿಷ್ಠ ಎರಡು ಚಕ್ರ ಸರಿಯಾಗಿ ಬಂದ ಇಲಿಯನ್ನು ಮಾತ್ರ ತೆಗೆದುಕೊಳ್ಳಿ.

ಇಲ್ಲೊಂದು ಗುಂಡಿ ಉಂಟು. ಡ್ರಾಪರ್ ಆಳಕ್ಕೆ ಹೋಗಿ ಗರ್ಭಕೊರಳಿಗೆ ತಾಗಿದರೆ ಇಲಿಯ ದೇಹ ಅದನ್ನು ಕೂಡುವಿಕೆ ಎಂದು ತಿಳಿದು ಸುಳ್ಳು ಗರ್ಭಕ್ಕೆ ಹೋಗುತ್ತದೆ. 12–14 ದಿನ ಪ್ರೊಜೆಸ್ಟರಾನ್ ಏರಿಯೇ ಇರುತ್ತದೆ. ಪ್ರೊಜೆಸ್ಟರಾನ್ ಪರೀಕ್ಷೆಗೆ ಎಂದು ತಂದ ಇಲಿಗೆ ಡ್ರಾಪರೇ ಪ್ರೊಜೆಸ್ಟರಾನ್ ಕೊಟ್ಟ ಹಾಗೆ! ದಿನಗಟ್ಟಲೆ ಡೈಈಸ್ಟ್ರಸ್ಸೇ ಕಂಡರೆ ಇದನ್ನೇ ಸಂಶಯಪಡಿ. ಇದೆಲ್ಲ ಬೇಡವಾದರೆ ಅಂಡಾಶಯ ತೆಗೆದು ಎರಡು ವಾರ ಬಿಟ್ಟು ಪೆಟ್ಟು ಕೊಡುವುದು ಇನ್ನೊಂದು ದಾರಿ. ಆದರೆ ಅದು ಮುಟ್ಟು ನಿಂತವರ ಮಾದರಿ, ಬೈಕಿನ ಹಿಂದಿನ ಸೀಟಿನಲ್ಲಿ ಕೂತ ಕಾಲೇಜು ಹುಡುಗಿಯ ಮಾದರಿ ಅಲ್ಲ. ಯಾವುದು ಬೇಕು ನೋಡಿ.

ಹಸಿ-ಒಣ ತೂಕದ ಬಗ್ಗೆ ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಕರಾವಳಿಯಲ್ಲಿ ಈ ಅಳತೆ ಹಾಳಾಗುವುದು ಇಲ್ಲಿಯೇ. ಆರೋಗ್ಯವಂತ ಇಲಿಯ ಮೆದುಳಿನಲ್ಲಿ ನೀರು ಸುಮಾರು 79%. ಪೆಟ್ಟಾದರೆ 81% ಎಂದಿಟ್ಟುಕೊಳ್ಳಿ. 200 ಮಿ.ಗ್ರಾಂ ತುಂಡಿಗೆ ಲೆಕ್ಕ ಹಾಕಿ: 79% ನೀರಾದರೆ ಒಣ ತೂಕ 42 ಮಿ.ಗ್ರಾಂ, 81% ಆದರೆ 38. ನಿಮ್ಮ ಇಡೀ ಪ್ರಬಂಧ ನಿಂತಿರುವುದು ಈ 4 ಮಿಲಿಗ್ರಾಮಿನ ಮೇಲೆ. 100 ಡಿಗ್ರಿ ಓವನ್‌ನಲ್ಲಿ 24 ಗಂಟೆ ಒಣಗಿದ ತುಂಡು ಹಪ್ಪಳದ ಹಾಗಿರುತ್ತದೆ. ಜುಲೈ ತಿಂಗಳಲ್ಲಿ ಅದನ್ನು ಹೊರಗೆ ತೆಗೆದು ತಕ್ಕಡಿಯ ಮೇಲಿಟ್ಟರೆ ಕೊನೆಯ ಅಂಕಿ ನಿಲ್ಲುವುದೇ ಇಲ್ಲ, ಕಣ್ಣೆದುರೇ ಏರುತ್ತಾ ಹೋಗುತ್ತದೆ. ಗಾಳಿಯ ನೀರನ್ನು ಹೀರುತ್ತಾ ಉಂಟು. 2 ಮಿ.ಗ್ರಾಂ ಹೀರಿತೆಂದರೆ ಊತ ಅರ್ಧ ಇಳಿಯಿತು, ಔಷಧ ಇಲ್ಲದೆಯೇ.

ಹಾಗಾಗಿ ಓವನ್‌ನಿಂದ ನೇರ ಡೆಸಿಕೇಟರಿಗೆ, ಅಂದರೆ ತೇವ ಹೀರುವ ಮುಚ್ಚಿದ ಪಾತ್ರೆಗೆ, ಅಲ್ಲೇ ತಣಿಯಲಿ, ಮುಚ್ಚಳ ಇರುವ ತೂಕದ ಬಾಟಲಿಯಲ್ಲೇ ತೂಗಿ. ಹಸಿ ತೂಕವೂ ಅಷ್ಟೇ: ಮೆದುಳು ಹೊರಬಂದ ಮೇಲೆ ಫ್ಯಾನ್ ಕೆಳಗೆ ಇಡಬಾರದು, ಎರಡು ನಿಮಿಷದೊಳಗೆ ತೂಗಿ ಆಗಬೇಕು. ಮೇಲಿನ ರಕ್ತವನ್ನು ಫಿಲ್ಟರ್ ಪೇಪರಿನಲ್ಲಿ ಒತ್ತಿ ತೆಗೆಯುವಾಗ ಎಲ್ಲಾ ತುಂಡಿಗೂ ಒಂದೇ ರೀತಿ ಒತ್ತಿ.

---

ಎಳೆ_ಹಿಡಿದವ

ಸ್ಟ್ರೋಕ್ ಮಾಡೆಲ್ ಬೇಡ ಮಾರಾಯ್ರೆ. ಒಂದು ಎಂ.ಫಾರ್ಮ್ ಅವಧಿಯಲ್ಲಿ ಎರಡು ಶಸ್ತ್ರಕ್ರಿಯೆ ಕಲಿಯಲಿಕ್ಕೆ ಆಗುವುದಿಲ್ಲ. ಕತ್ತಿನ ರಕ್ತನಾಳದೊಳಗಿಂದ ನೂಲು ತೂರಿಸಿ ಮೆದುಳಿನ ನಡುವಿನ ಧಮನಿ ಮುಚ್ಚುವ ವಿಧಾನ, 1989ರಿಂದ ಎಲ್ಲರೂ ಮಾಡುವುದು ಅದನ್ನೇ, ಕೈ ಕೂರಲಿಕ್ಕೆ ಬಹಳಷ್ಟು ಇಲಿ ಬೇಕು. 250–300 ಗ್ರಾಂ ಇಲಿಗೆ ತುದಿಗೆ ಸಿಲಿಕೋನ್ ಬಳಿದ 4-0 ನೈಲಾನ್, ಕವಲಿನಿಂದ 18–20 ಮಿ.ಮೀ. ಒಳಕ್ಕೆ. ಕಡಿಮೆ ಹೋದರೆ ಧಮನಿ ಮುಚ್ಚಿಲ್ಲ, ಹೆಚ್ಚು ಹೋದರೆ ತೂತಾಗಿ ಮೆದುಳಿನ ಬುಡದಲ್ಲಿ ರಕ್ತಸ್ರಾವ. ಲೇಸರ್ ಡಾಪ್ಲರ್ ಇಲ್ಲದೆ ರಕ್ತದ ಹರಿವು ಮೂಲದ 30%ಕ್ಕಿಂತ ಕೆಳಗಿಳಿದಿದೆಯಾ ಎಂದು ಗೊತ್ತಾಗುವುದಿಲ್ಲ. ಹೆಚ್ಚು ಹೊತ್ತು ಮುಚ್ಚಿಟ್ಟರೆ ಹೈಪೊಥಲಾಮಸ್ಸಿಗೂ ರಕ್ತ ತಪ್ಪಿ ಇಲಿಗೆ ಜ್ವರ ಏರುತ್ತದೆ, ಅದು ಗಾಯ ದೊಡ್ಡದು ಮಾಡುತ್ತದೆ.

ಮುಂದೆ ಪಿಎಚ್‌.ಡಿ.ಯಲ್ಲಿ ಮಾಡುವುದಾದರೆ ಟಿಟಿಸಿ ಬಣ್ಣ ಹಾಕುವುದನ್ನು ಕಲಿತಿಡಿ: 2 ಮಿ.ಮೀ. ಹಲ್ಲೆಗಳು, 2% ದ್ರಾವಣ, 37 ಡಿಗ್ರಿ, 15ರಿಂದ 30 ನಿಮಿಷ, ಕತ್ತಲಲ್ಲಿ, ನಡುವೆ ಒಮ್ಮೆ ಮಗುಚಬೇಕು. ಬದುಕಿದ ಭಾಗ ಕೆಂಪು, ಸತ್ತ ಭಾಗ ಬಿಳಿ. 24 ಗಂಟೆಗೆ ನಂಬಬಹುದು. ಮೂರು ದಿನದ ಮೇಲೆ ಒಳನುಗ್ಗಿದ ಉರಿಯೂತದ ಕೋಶಗಳೂ ಕೆಂಪಾಗಿ ಗಾಯ ಸಣ್ಣದಾದ ಹಾಗೆ ಕಾಣುತ್ತದೆ.

ಸ್ಟ್ರೋಕ್‌ನ ಸಾಹಿತ್ಯ ಓದುವಾಗ ಒಂದು ಎಚ್ಚರ. ಪ್ರೊಜೆಸ್ಟರಾನ್ ಬೇರೆ, ಅದರ ಕೃತಕ ರೂಪ ಮೆಡ್ರಾಕ್ಸಿಪ್ರೊಜೆಸ್ಟರಾನ್ ಬೇರೆ. ಎರಡನೆಯದು ಅಲೋಪ್ರೆಗ್ನನೊಲೋನ್ ಆಗುವುದಿಲ್ಲ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್, 16,608 ಮಹಿಳೆಯರ ಅಧ್ಯಯನ, 2002ರಲ್ಲಿ ನಿಂತಾಗ ಕೊಡುತ್ತಿದ್ದದ್ದು ಈಸ್ಟ್ರೋಜೆನ್ ಜೊತೆ ಈ ಎರಡನೆಯದನ್ನು. ಸ್ಟ್ರೋಕ್ 10,000 ಮಹಿಳೆ-ವರ್ಷಕ್ಕೆ 21 ಇದ್ದದ್ದು 29 ಆಯಿತು. ಹಾಗೆಂದು ಈಸ್ಟ್ರೋಜೆನ್ ನಿರಪರಾಧಿ ಅಲ್ಲ. ಸ್ಟ್ರೋಕ್ ಅಥವಾ ತಾತ್ಕಾಲಿಕ ಸ್ಟ್ರೋಕ್ ಆದ 664 ಮಹಿಳೆಯರಿಗೆ ಬರೀ ಎಸ್ಟ್ರಡಯೋಲ್ 1 ಮಿ.ಗ್ರಾಂ ಕೊಟ್ಟು ನೋಡಿದ 2001ರ ಅಧ್ಯಯನದಲ್ಲೂ ಮರುಸ್ಟ್ರೋಕ್ ಕಡಿಮೆ ಆಗಲಿಲ್ಲ, ಪ್ರಾಣ ತೆಗೆಯುವ ಸ್ಟ್ರೋಕ್ ಹೆಚ್ಚಾಯಿತು. ಇಲಿಯಲ್ಲಿ ಇದೇ ಎಸ್ಟ್ರಡಯೋಲ್ ಗಾಯ ಸಣ್ಣದು ಮಾಡುತ್ತದೆ. ಆರೋಗ್ಯವಂತ ಎಳೆ ಇಲಿಯ ನಯವಾದ ರಕ್ತನಾಳಕ್ಕೂ 71 ವರ್ಷದ ಅಜ್ಜಿಯ ಕೊಬ್ಬುಗಟ್ಟಿದ ನಾಳಕ್ಕೂ ಇರುವ ವ್ಯತ್ಯಾಸ ಇದು.

ಎರಿತ್ರೊಪೊಯೆಟಿನ್ ಕೂಡ ಹಾರ್ಮೋನೇ, ಮೂತ್ರಪಿಂಡದ್ದು. 2009ರಲ್ಲಿ ಜರ್ಮನಿಯಲ್ಲಿ 522 ಸ್ಟ್ರೋಕ್ ರೋಗಿಗಳಿಗೆ 40,000 ಯುನಿಟ್‌ನಂತೆ ಮೂರು ಸಲ ಕೊಟ್ಟರು. ಸಾವು 16.4%, ಪ್ಲಸೀಬೊದಲ್ಲಿ 9.0%. ಅವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿಗೆ ರಕ್ತ ಹೆಪ್ಪು ಕರಗಿಸುವ ಔಷಧವೂ ಹೋಗಿತ್ತು. ಪಾಠ ನಿಮಗೂ ಬೇಕಾದದ್ದು: ಆಸ್ಪತ್ರೆಯಲ್ಲಿ ನಿಮ್ಮ ಔಷಧ ಒಂಟಿಯಾಗಿ ಹೋಗುವುದಿಲ್ಲ. ಊತಕ್ಕೆ ಕೊಡುವ ಮ್ಯಾನಿಟಾಲ್, ಫಿಟ್ಸ್ ತಡೆಯುವ ಫೆನಿಟೋಯಿನ್ ಜೊತೆಗೇ ಹೋಗುತ್ತದೆ. ಇಲಿಯಲ್ಲಿ ಅದನ್ನು ಸೇರಿಸಿ ನೋಡಿದವರು ಕಡಿಮೆ.

---

ಉಡುಪಿ_ಎಂಡೋ

ಎಲ್ಲರೂ ಹಾರ್ಮೋನನ್ನು ಔಷಧವಾಗಿ ಕೊಡುವುದನ್ನೇ ಮಾತಾಡ್ತಿದ್ದೀರಿ. ಪೆಟ್ಟಿನಿಂದಾಗಿ ಇದ್ದ ಹಾರ್ಮೋನೇ ನಿಂತುಹೋಗುವುದು ಇನ್ನೊಂದು ಮುಖ. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಇವತ್ತೇ ರೋಗಿಗೆ ಸಿಗುವ ಲಾಭ ಇದೊಂದರಲ್ಲೇ. ತಲೆಗೆ ಪೆಟ್ಟಾಗಿ ತಿಂಗಳುಗಳಾದವರಲ್ಲಿ ಪಿಟ್ಯುಟರಿ (ಮೆದುಳಿನ ಬುಡದಲ್ಲಿದ್ದು ಬೇರೆ ಗ್ರಂಥಿಗಳನ್ನು ನಡೆಸುವ ಗ್ರಂಥಿ) ಕೊರತೆ 27.5% ಎಂದು 2007ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ಲೆಕ್ಕ ಹಾಕಿದ್ದಾರೆ. ಸುಸ್ತು, ಕೆಲಸಕ್ಕೆ ಹೋಗಲು ಆಸಕ್ತಿ ಇಲ್ಲ, ಮಾತು ಕಡಿಮೆ: ಮನೆಯವರು ‘ತಲೆಗೆ ಪೆಟ್ಟಾದ ಮೇಲೆ ಹೀಗೇ’ ಎಂದು ಬಿಟ್ಟುಬಿಡುತ್ತಾರೆ.

ಎಂ.ಡಿ. ಅಥವಾ ಫಾರ್ಮ್.ಡಿ. ಮಾಡುವ ಯಾರಾದರೂ ಓದುತ್ತಿದ್ದರೆ, ಪ್ರಾಣಿ ಇಲ್ಲದೆ ಮಾಡಬಹುದಾದ ವಿಷಯ ಇದು. ಪೆಟ್ಟಾಗಿ 3–6 ತಿಂಗಳಾದಾಗ ಒಮ್ಮೆ, 12 ತಿಂಗಳಾದಾಗ ಒಮ್ಮೆ ಬೆಳಿಗ್ಗೆ 8–9ಕ್ಕೆ ಕಾರ್ಟಿಸಾಲ್, ಥೈರಾಯ್ಡಿನ ಫ್ರೀ ಟಿ4 ಮತ್ತು ಅದನ್ನು ಹೊರಡಿಸುವ ಪಿಟ್ಯುಟರಿಯ ಟಿಎಸ್‌ಎಚ್, ಲೈಂಗಿಕ ಗ್ರಂಥಿಗಳನ್ನು ನಡೆಸುವ ಎಲ್‌ಎಚ್, ಎಫ್‌ಎಸ್‌ಎಚ್, ಗಂಡಸರಿಗೆ ಟೆಸ್ಟೊಸ್ಟೆರಾನ್, ಪ್ರೊಲ್ಯಾಕ್ಟಿನ್, ಗ್ರೋತ್ ಹಾರ್ಮೋನಿನ ಗುರುತಾದ ಐಜಿಎಫ್-1, ಸೋಡಿಯಂ.

ಎಡವುವುದು ಎಲ್ಲಿ? ಬರೀ ಟಿಎಸ್‌ಎಚ್ ಮಾಡಿಸಿ ‘ಥೈರಾಯ್ಡ್ ನಾರ್ಮಲ್’ ಎನ್ನುವುದರಲ್ಲಿ. ಪಿಟ್ಯುಟರಿಯೇ ಕೆಟ್ಟಿದ್ದರೆ ಟಿಎಸ್‌ಎಚ್ ನಾರ್ಮಲ್ ಬಂದು ಫ್ರೀ ಟಿ4 ಕೆಳಗಿರುತ್ತದೆ. ಐಜಿಎಫ್-1 ನಾರ್ಮಲ್ ಬಂದರೂ ಗ್ರೋತ್ ಹಾರ್ಮೋನ್ ಕೊರತೆ ಇಲ್ಲ ಎಂದಲ್ಲ. ಫೆನಿಟೋಯಿನ್ ತೆಗೆದುಕೊಳ್ಳುವವರಲ್ಲಿ ಟಿ4 ತಾನಾಗಿಯೇ ಕೆಳಗೆ ಕಾಣಬಹುದು. ಮೊದಲ ವಾರದಲ್ಲೇ ನೋಡುವಾಗ ಎಟೊಮಿಡೇಟ್ ಎಂಬ ಅರಿವಳಿಕೆ ಕೊಟ್ಟಿದ್ದರೆ, ಯಾರಾದರೂ ಡೆಕ್ಸಾ ಹಾಕಿದ್ದರೆ ಕಾರ್ಟಿಸಾಲ್ ಅಂಕಿಗೆ ಅರ್ಥ ಇಲ್ಲ. ಕಾರ್ಟಿಸಾಲ್ ಡೆಸಿಲೀಟರಿಗೆ 3 ಮೈಕ್ರೊಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಖಾತ್ರಿ. ನಡುವಿನ ಅಂಕಿಗಳಿಗೆ ಕಾರ್ಟಿಸಾಲ್ ಹೊರಡಿಸುವ ಎಸಿಟಿಎಚ್ ಇಂಜೆಕ್ಷನ್ ಕೊಟ್ಟು ನೋಡಬೇಕು. ಇನ್ಸುಲಿನ್ ಕೊಟ್ಟು ಸಕ್ಕರೆ ಇಳಿಸುವ ಪರೀಕ್ಷೆ ಫಿಟ್ಸ್ ಬಂದವರಿಗೆ ಮಾಡಲೇಬಾರದು.

ಕಾರ್ಟಿಸಾಲ್, ಥೈರಾಯ್ಡ್ ಕೊರತೆ ಎರಡೂ ಇದ್ದರೆ ಮೊದಲು ಹೈಡ್ರೊಕಾರ್ಟಿಸೋನ್, ಆಮೇಲೆ ಥೈರಾಕ್ಸಿನ್. ತಿರುಗುಮುರುಗು ಮಾಡಿದರೆ ಇದ್ದ ಚೂರು ಕಾರ್ಟಿಸಾಲೂ ಬೇಗ ಕರಗಿ ರೋಗಿ ಬಿ.ಪಿ. ಬಿದ್ದು ಐಸಿಯುಗೆ ಬರುತ್ತಾನೆ.

---

ಐಸಿಯು_ರಾತ್ರಿಪಾಳಿ

ಮೇಲಿನದಕ್ಕೆ ಒಂದು ಸೇರಿಕೆ: ಕ್ರ್ಯಾಶ್ ಹೇಳಿದ್ದು ಊತಕ್ಕೆಂದು ಕೊಡುವ ಭಾರೀ ಡೋಸ್ ಬಗ್ಗೆ, 48 ಗಂಟೆಯಲ್ಲಿ 21 ಗ್ರಾಂ. ಕೊರತೆ ಇದ್ದವರಿಗೆ ಕೊಡುವ ಹೈಡ್ರೊಕಾರ್ಟಿಸೋನನ್ನು ಆ ಹೆದರಿಕೆಯಲ್ಲಿ ನಿಲ್ಲಿಸಬೇಡಿ.

---

ದೇರಳಕಟ್ಟೆ_ಫಾರ್ಮ

ಹಾಗಾದರೆ ಸ್ಟ್ರೋಕ್ ಕೈಬಿಟ್ಟೆ. 15 ನಿಮಿಷ ಮತ್ತು 4 ಗಂಟೆ, ಗಂಡು ಮತ್ತು ಹೆಣ್ಣು, ಡೋಸ್ 8 ಮಾತ್ರ, ಊತ 24 ಗಂಟೆಗೆ. ಕೊನೆಯ ಪ್ರಶ್ನೆ: ಗುಂಪಿಗೆ 6 ಸಾಕಾ? ಎಲ್ಲಾ ಪೇಪರಿನಲ್ಲೂ 6 ಕಾಣುತ್ತದೆ.

---

ತಕ್ಕಡಿ

ಎಲ್ಲರೂ 6 ಬರೆಯುವುದು ಎಲ್ಲರೂ 6 ಬರೆದದ್ದಕ್ಕೆ. ಕಮಿಟಿಗೆ ಲೆಕ್ಕ ತೋರಿಸಿ. ಎರಡು ಗುಂಪಿನ ಹೋಲಿಕೆಗೆ 80% ಪವರ್ (ಇರುವ ವ್ಯತ್ಯಾಸ ಸಿಕ್ಕಿಬೀಳುವ ಸಾಧ್ಯತೆ) ಬೇಕಾದರೆ ಅಂದಾಜು ಸೂತ್ರ: 16 ಗುಣಿಸು ಎಸ್‌ಡಿಯ (ಅಳತೆಗಳು ಸರಾಸರಿಯಿಂದ ಚದುರುವ ಪ್ರಮಾಣ) ವರ್ಗ, ಭಾಗಿಸು ನೀವು ಹಿಡಿಯಬೇಕೆಂದಿರುವ ವ್ಯತ್ಯಾಸದ ವರ್ಗ. ನೀರಿನಂಶದ ಎಸ್‌ಡಿ 1.0, ವ್ಯತ್ಯಾಸ 1.5 ಶೇಕಡಾ ಅಂಶ ಎಂದರೆ 7.1, ಅಂದರೆ 8 ಇಲಿ. ವ್ಯತ್ಯಾಸ 1.0 ಎಂದರೆ 16. ಹಲವು ಗುಂಪುಗಳನ್ನು ಪರಸ್ಪರ ಹೋಲಿಸುವುದರಿಂದ ಇನ್ನೂ ಸ್ವಲ್ಪ ಏರುತ್ತದೆ. ಮೇಲೆ ಸಾಯುವ ಇಲಿಗಳ ಪಾಲು ಸೇರಿಸಿ: 20% ಸಾಯಬಹುದಾದರೆ 8ನ್ನು 0.8ರಿಂದ ಭಾಗಿಸಿ, 10. ಎಸ್‌ಡಿಯನ್ನು ಪೇಪರಿನಿಂದ ಎತ್ತಬೇಡಿ. ಮೊದಲು ಶಾಮ್ ಮತ್ತು ಪೆಟ್ಟು ಎರಡೇ ಗುಂಪಿನ ಪೈಲಟ್ ಮಾಡಿ ನಿಮ್ಮ ಕೈಯ ಎಸ್‌ಡಿ ಎಷ್ಟೆಂದು ತಿಳಿಯಿರಿ, ಅದನ್ನೇ ಫಾರ್ಮ್ ಬಿಯಲ್ಲಿ ಹಾಕಿ.

ಯಾವ ಇಲಿಗೆ ಯಾವ ಔಷಧ ಎಂಬ ಚೀಟಿ ಇನ್ನೊಬ್ಬರ ಕೈಯಲ್ಲಿರಲಿ. ದ್ರಾವಕವೂ ಔಷಧವೂ ನೋಡಲಿಕ್ಕೆ ಒಂದೇ ಬಣ್ಣ ಇರುವುದರಿಂದ ಕಷ್ಟ ಇಲ್ಲ, ಸಿರಿಂಜಿಗೆ ನಂಬರ್ ಅಂಟಿಸಿದರೆ ಆಯ್ತು. ಸತ್ತ ಇಲಿ, ಬುರುಡೆ ಒಡೆದ ಇಲಿ, ಬಿಟ್ಟ ಇಲಿ ಎಲ್ಲದರ ಲೆಕ್ಕವನ್ನೂ ಗುಂಪುವಾರು ಬರೆಯಿರಿ. ಮತ್ತೆ ಡೆಸಿಕೇಟರಿನ ಸಿಲಿಕಾ ಜೆಲ್ ನೀಲಿ ಹೋಗಿ ಗುಲಾಬಿ ಆಗಿದ್ದರೆ ಮೊದಲು ಅದನ್ನು 120 ಡಿಗ್ರಿಯಲ್ಲಿ ಒಣಗಿಸಿ, ಆಮೇಲೆ ಮೆದುಳು.